ಒಂದೇ ವಯಸ್ಸಿನ ಎರಡು ಮಕ್ಕಳು, ಒಂದೇ ಸೊಳ್ಳೆ

ಪ್ರಶ್ನೆ: ನಾವು ಮದ್ದೂರಿನ ಕಡೆಯವರು. ನನ್ನ ಯಜಮಾನರಿಗೆ ತಾಂಜಾನಿಯಾದ ಕಿಲೊಂಬೆರೊ ಕಣಿವೆಯಲ್ಲಿ, ಕಬ್ಬಿನ ಎಸ್ಟೇಟಿನಲ್ಲಿ ಕೆಲಸ. ಎರಡು ವರ್ಷದ ಮಗನನ್ನು ಕರೆದುಕೊಂಡು ನಾನು ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಮನೆಗೆಲಸಕ್ಕೆ ಬರುವ ಹೆಂಗಸಿಗೂ ಇದೇ ವಯಸ್ಸಿನ ಮಗಳಿದ್ದಾಳೆ, ಇಬ್ಬರೂ ದಿನವಿಡೀ ಒಟ್ಟಿಗೇ ಆಡುತ್ತಾರೆ. ಕಳೆದ ತಿಂಗಳು ಅವರ ಪಕ್ಕದ ಮನೆಯ ಮಗು ಮಲೇರಿಯಾದಿಂದ ತೀರಿಕೊಂಡಿತು. ಮಂಗಳವಾರ ಜ್ವರ ಬಂತು, ಗುರುವಾರ ಬೆಳಗ್ಗೆ ಮಗು ಇಲ್ಲ. ನಾನು ಮಂಗಳೂರಿನಲ್ಲಿ ಓದುವಾಗ ನನಗೂ ಮಲೇರಿಯಾ ಬಂದಿತ್ತು, ಮಾತ್ರೆ ತಿಂದು ವಾರದೊಳಗೆ ಕಾಲೇಜಿಗೆ ಹೋಗಿದ್ದೆ. ಇಲ್ಲಿ ಮಾತ್ರ ಯಾಕೆ ಹೀಗೆ? ಈಗ ಲಸಿಕೆ ಬಂದಿದೆಯಂತಲ್ಲ? ನನ್ನ ಮಗನಿಗೆ ಏನು ಮಾಡಲಿ? ಆ ಹುಡುಗಿಗೆ ಏನಾದರೂ ಮಾಡಬಹುದೇ?

ಉತ್ತರ: ‘ಮಂಗಳವಾರ ಜ್ವರ, ಗುರುವಾರ ಮಗು ಇಲ್ಲ’ ಎಂದು ನೀವು ಬರೆದ ಸಾಲನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪೂರ್ವ ಆಫ್ರಿಕಾದ ಒಂದು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವನು ನಾನು. ಮಳೆಗಾಲದಲ್ಲಿ ಒಂದು ಮಂಚಕ್ಕೆ ಎರಡು, ಮೂರು ಮಕ್ಕಳನ್ನು ಮಲಗಿಸಿದ್ದೇವೆ. ಅವರಲ್ಲಿ ತೀರಿಕೊಂಡ ಹೆಚ್ಚಿನ ಮಕ್ಕಳ ಕಥೆ ನೀವು ಬರೆದ ಆ ಒಂದೇ ಸಾಲು. ನಮ್ಮ ಕಡೆ ಜ್ವರವನ್ನು ದಿನದಲ್ಲಿ ಎಣಿಸುತ್ತೇವೆ, ‘ಮೂರು ದಿನ ನೋಡೋಣ’ ಅನ್ನುತ್ತೇವೆ. ಅಲ್ಲಿ ಎಳೆಯ ಮಗುವಿನ ಜ್ವರವನ್ನು ಗಂಟೆಯಲ್ಲಿ ಎಣಿಸಬೇಕು. ನಾನು ಮುಂದೆ ಬರೆಯುವುದೆಲ್ಲ ಈ ಗಂಟೆಗಳ ಲೆಕ್ಕವೇ.

ಮೊದಲು ಮಂಗಳೂರಿನ ವಿಷಯ. ನಿಮಗೆ ಆಗ ಬಂದಿದ್ದು ಬಹುಶಃ ವೈವ್ಯಾಕ್ಸ್ ಮಲೇರಿಯಾ. ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಅದೇ. ವೈವ್ಯಾಕ್ಸ್ ಪರಾವಲಂಬಿ ಆಗತಾನೇ ಹುಟ್ಟಿದ ಎಳೆಯ ಕೆಂಪು ರಕ್ತಕಣಗಳನ್ನು ಮಾತ್ರ ಹೊಕ್ಕುತ್ತದೆ. ಅಂಥ ಕಣಗಳು ರಕ್ತದಲ್ಲಿ ನೂರಕ್ಕೆ ಒಂದೋ ಎರಡೋ. ಹಾಗಾಗಿ ಅದು ಎಷ್ಟೇ ಕಾಡಿದರೂ ಅದಕ್ಕೊಂದು ಮಿತಿ ಇದೆ. ನೀವು ಈಗ ಇರುವ ಕಡೆ ಇರುವುದು ಫಾಲ್ಸಿಪ್ಯಾರಂ ಎಂಬ ಇನ್ನೊಂದು ಜಾತಿ. ಅದಕ್ಕೆ ಎಳೆಯದು ಹಳೆಯದು ಎನ್ನುವ ಭೇದವಿಲ್ಲ, ಸಿಕ್ಕ ಕಣವನ್ನೆಲ್ಲ ಹೊಕ್ಕುತ್ತದೆ. ಎರಡು ದಿನಕ್ಕೊಂದು ಸುತ್ತು, ಪ್ರತಿ ಸುತ್ತಿಗೆ ಹತ್ತು ಪಟ್ಟಿನಷ್ಟು ಹೆಚ್ಚಬಲ್ಲದು. ಅಷ್ಟೇ ಆಗಿದ್ದರೂ ತಡೆಯಬಹುದಿತ್ತೇನೋ. ಅದು ಹೊಕ್ಕ ರಕ್ತಕಣ ಅಂಟಂಟಾಗಿ, ಮೆದುಳಿನ ಕೂದಲೆಳೆಯಂಥ ರಕ್ತನಾಳಗಳ ಒಳಗೋಡೆಗೆ ಕಚ್ಚಿಕೊಂಡು ನಿಲ್ಲುತ್ತದೆ. ರಕ್ತ ಮುಂದೆ ಹರಿಯುವುದಿಲ್ಲ. ಮಗು ಮಂಪರಿಗೆ ಹೋಗುತ್ತದೆ, ಫಿಟ್ಸ್ ಬರುತ್ತದೆ. ಇನ್ನೊಂದು ಕಡೆ ರಕ್ತಕಣಗಳು ಒಡೆಯುತ್ತಾ ಹೋಗುತ್ತವೆ. ಹತ್ತು ಕಿಲೋ ತೂಕದ ಮಗುವಿನ ಇಡೀ ಮೈಯಲ್ಲಿ ಇರುವ ರಕ್ತ ಸುಮಾರು 800 ಮಿಲಿಲೀಟರ್, ಲೀಟರ್ ಬಾಟಲಿಯೂ ತುಂಬದಷ್ಟು. ಅದರಲ್ಲಿ ಕಳೆದುಕೊಳ್ಳಲು ಎಷ್ಟಿದೆ, ನೀವೇ ಯೋಚಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳು, 5 ಲಕ್ಷ 97 ಸಾವಿರ ಸಾವು. ಸಾವಿನಲ್ಲಿ ನೂರಕ್ಕೆ 95 ಆಫ್ರಿಕಾದಲ್ಲಿ. ಅಲ್ಲಿ ಸತ್ತವರಲ್ಲಿ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳು. ಹೆಚ್ಚುಕಡಿಮೆ ಒಂದೂಕಾಲು ನಿಮಿಷಕ್ಕೆ ಒಂದು ಮಗು.

ಐದು ವರ್ಷದೊಳಗಿನವರೇ ಯಾಕೆ? ಹುಟ್ಟಿದ ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ರಕ್ಷಣೆ ಇರುತ್ತದೆ. ಆಮೇಲೆ ಅದು ಕರಗುತ್ತದೆ. ಅಲ್ಲೇ ಬೆಳೆಯುವ ಮಗುವಿಗೆ ಪದೇ ಪದೇ ಮಲೇರಿಯಾ ಬಂದು, ಪ್ರತಿ ಸಲವೂ ಮೈ ಒಂದಿಷ್ಟು ಪಾಠ ಕಲಿತು, ಐದಾರು ವರ್ಷದ ಹೊತ್ತಿಗೆ ಸಾಯದಷ್ಟು ತಡೆಯುವ ಶಕ್ತಿ ಬರುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗಿನದು ನಡುನೀರು, ಎರಡೂ ದಡ ದೂರ. ನಿಮ್ಮ ಮನೆಯಂಗಳದಲ್ಲಿ ಆಡುವ ಇಬ್ಬರೂ ಈಗ ಆ ನಡುನೀರಿನಲ್ಲೇ ಇದ್ದಾರೆ. ಆ ಹುಡುಗಿ ಒಂದೆರಡು ಪಾಠ ಕಲಿತಿರಬಹುದು. ನಿಮ್ಮ ಮಗನ ಮೈಗೆ ಈ ರೋಗದ ಪರಿಚಯವೇ ಇಲ್ಲ. ಈ ಲೆಕ್ಕದಲ್ಲಿ ನಿಮ್ಮ ಮಗನಿಗೇ ಅಪಾಯ ಒಂದು ತೂಕ ಹೆಚ್ಚು. ಆದರೆ ಅವನ ಮನೆ ಮುಂದೆ ಕಾರಿದೆ, ಅಪ್ಪನ ಜೇಬಿನಲ್ಲಿ ಫೋನಿದೆ. ಕೊನೆಗೆ ಯಾರು ಉಳಿಯುತ್ತಾರೆ ಎಂಬುದು ಹೆಚ್ಚಾಗಿ ಇದರ ಮೇಲೆ ನಿಲ್ಲುತ್ತದೆ. ಈ ಮಾತು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ಬರೆಯದೆ ಇರಲಾರೆ.

ಈಗ ತಡೆಯುವ ವಿಷಯ. ಎಲ್ಲಕ್ಕಿಂತ ಮೊದಲು ಸೊಳ್ಳೆಪರದೆ, ಅಲ್ಲಿಯವರ ಬಾಯಲ್ಲಿ ಚಂದರುವಾ. ನಿಮ್ಮ ಕಣಿವೆಗೆ ಈ ವಿಷಯದಲ್ಲಿ ದೊಡ್ಡ ಹೆಸರೇ ಇದೆ. 1997ರಿಂದ ಕಿಲೊಂಬೆರೊ ಮತ್ತು ಪಕ್ಕದ ಉಲಾಂಗಾದಲ್ಲಿ ‘ಜುಯಿಯಾ ಎಂಬು’, ಅಂದರೆ ‘ಸೊಳ್ಳೆ ತಡೆ’ ಎಂಬ ಹೆಸರಿನಲ್ಲಿ ಔಷಧಿ ಹಚ್ಚಿದ ಪರದೆಗಳನ್ನು ಹಳ್ಳಿ ಅಂಗಡಿಗಳಲ್ಲಿ ಮಾರಿಸಿದರು. ಆ ಪರದೆಯಡಿ ಮಲಗಿದ ಮಕ್ಕಳಲ್ಲಿ, ಒಂದು ತಿಂಗಳಿಂದ ನಾಲ್ಕು ವರ್ಷದವರೆಗಿನವರಲ್ಲಿ, ಬದುಕುಳಿಯುವ ಸಾಧ್ಯತೆ ಶೇಕಡಾ 27ರಷ್ಟು ಹೆಚ್ಚಿತ್ತು ಎಂದು 2001ರಲ್ಲಿ ಪ್ರಕಟವಾಯಿತು. ಇಫಕಾರಾ ಆರೋಗ್ಯ ಸಂಶೋಧನಾ ಸಂಸ್ಥೆ ಇರುವುದೂ ನಿಮ್ಮ ಕಣಿವೆಯಲ್ಲೇ. ಜಗತ್ತಿಗೆಲ್ಲ ಪರದೆಯ ಪಾಠ ಹೇಳಿಕೊಟ್ಟ ಜಾಗಗಳಲ್ಲಿ ಅದೂ ಒಂದು.

ಪರದೆ ಅಂದರೆ ಬರೀ ಬಲೆಯಲ್ಲ. ಔಷಧಿ ಹಚ್ಚಿದ ಪರದೆಯ ಮೇಲೆ ಕೂತ ಸೊಳ್ಳೆ ಸಾಯುತ್ತದೆ. ಊರಿನ ಹೆಚ್ಚಿನ ಮನೆಗಳಲ್ಲಿ ಅಂಥ ಪರದೆ ಇದ್ದರೆ ಪರದೆ ಇಲ್ಲದ ಮನೆಗೂ ಒಂದಿಷ್ಟು ರಕ್ಷಣೆ ಸಿಗುತ್ತದೆ. ಸಾಮಾನ್ಯ ಪರದೆಗೆ ಹಚ್ಚುವುದು ಪೈರೆಥ್ರಾಯ್ಡ್ ಎಂಬ ಔಷಧಿ. ಆಫ್ರಿಕಾದ ಬಹುಪಾಲು ಕಡೆ ಸೊಳ್ಳೆಗಳಿಗೆ ಅದು ಒಗ್ಗಿಹೋಗಿದೆ. ಅದಕ್ಕೇ ಈಗ ಅದರ ಜೊತೆಗೆ ಪಿಬಿಒ (ಪೈರೆಥ್ರಾಯ್ಡಿನ ಶಕ್ತಿ ಹೆಚ್ಚಿಸುವ ವಸ್ತು) ಅಥವಾ ಕ್ಲೋರ್‌ಫೆನಪಿರ್ (ಇನ್ನೊಂದು ಬಗೆಯ ಕೀಟನಾಶಕ) ಸೇರಿಸಿದ ಹೊಸ ಪರದೆಗಳು ಬಂದಿವೆ. ಕ್ಲೋರ್‌ಫೆನಪಿರ್ ಪರದೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು. ಆ ನಿರ್ಧಾರಕ್ಕೆ ಆಧಾರವಾದ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ತಾಂಜಾನಿಯಾದಲ್ಲೇ. ಕೊಳ್ಳುವಾಗ ಚೀಟಿ ಓದಿ, ಎರಡು ಔಷಧಿಯ ಪರದೆ ಕೇಳಿ. ನಿಮಗೆ ಒಂದು, ಆ ಹುಡುಗಿಗೆ ಒಂದು.

ಕಟ್ಟುವ ರೀತಿಯಲ್ಲಿ ತಪ್ಪಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಸದನ್ನು ಬಿಚ್ಚಿ ಒಂದು ದಿನ ನೆರಳಿನಲ್ಲಿ ಹರವಬೇಕು, ಬಿಸಿಲಿಗೆ ಹಾಕಬಾರದು. ಒಗೆಯುವಾಗ ಮಾಮೂಲಿ ಸೋಪು, ಕೈಯಲ್ಲಿ ಮೆಲ್ಲಗೆ. ಬ್ಲೀಚ್ ಬೇಡ, ಕಲ್ಲಿಗೆ ಬಡಿಯುವುದು ಬೇಡ, ಒಣಗಿಸುವುದೂ ನೆರಳಿನಲ್ಲೇ. ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಬೇಕು. ನಿಮ್ಮ ಕೆಲಸದಾಕೆಯ ಮನೆಯಲ್ಲಿ ಮಂಚ ಇಲ್ಲದಿದ್ದರೆ ಚಾಪೆಯಡಿ ಸಿಕ್ಕಿಸಲು ಹೇಳಿ. ರಾತ್ರಿ ಮಗು ಉರುಳಿ ಪರದೆಗೆ ಒರಗಿ ಮಲಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ, ಅದಕ್ಕೆ ಮಗು ಮಧ್ಯದಲ್ಲಿರಲಿ. ತೂತು ಬಿದ್ದರೆ ಸೂಜಿ ದಾರ ಸಾಕು. ಮೂರು ವರ್ಷ ಬಾಳುತ್ತದೆ ಎಂದು ಬರೆದಿರುತ್ತಾರೆ. ಸೌದೆ ಒಲೆ, ಇಲಿ, ಮಕ್ಕಳು ಇರುವ ಮನೆಯಲ್ಲಿ ಅದಕ್ಕಿಂತ ಬೇಗ ಹರಿಯುತ್ತದೆ.

ಆಫ್ರಿಕಾದ ಮಲೇರಿಯಾ ಸೊಳ್ಳೆ ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ ಹೆಚ್ಚು ಕಚ್ಚುತ್ತದೆ, ಅದೂ ಮನೆಯೊಳಗೆ. ಒಳಗೆ ಬರುವ ದಾರಿ ಹೆಚ್ಚಾಗಿ ಕಿಟಕಿಯಲ್ಲ, ಗೋಡೆಗೂ ಸೂರಿಗೂ ನಡುವೆ ಬಿಟ್ಟಿರುವ ಸಂದು. ಆ ಸಂದು ಮುಚ್ಚಿ, ಬಾಗಿಲು ಕಿಟಕಿಗೆ ಜಾಲರಿ ಹಾಕಿದ ಮನೆಗಳ ಮಕ್ಕಳಲ್ಲಿ ರಕ್ತಹೀನತೆ ಬಹಳ ಕಡಿಮೆಯಾದದ್ದನ್ನು ಗ್ಯಾಂಬಿಯಾದ ಒಂದು ಅಧ್ಯಯನ 2009ರಲ್ಲಿ ತೋರಿಸಿತು. ನಿಮ್ಮ ಕ್ವಾರ್ಟರ್ಸಿಗೆ ಜಾಲರಿ ಇದ್ದೇ ಇರುತ್ತದೆ. ಅವಳ ಮನೆಗೆ ಒಂದು ಭಾನುವಾರ ಹೋಗಿ ಸೂರಿನಡಿ ನೋಡಿ. ಒಬ್ಬ ಬಡಗಿ, ಒಂದು ಸುರುಳಿ ಜಾಲರಿ, ಒಂದು ದಿನದ ಕೂಲಿ.

ಆ ಸೀಮೆಯವರೇ ಹೇಳಬಲ್ಲ ಇನ್ನೊಂದು ಸಂಗತಿ ಇದೆ. ಕಿಲೊಂಬೆರೊದ ಬತ್ತದ ರೈತರು ಉಳುಮೆ, ನಾಟಿ, ಹಕ್ಕಿ ಕಾಯುವ ಕಾಲದಲ್ಲಿ ಊರು ಬಿಟ್ಟು ಗದ್ದೆಯ ಗುಡಿಸಲಿಗೆ ಹೋಗಿ ತಿಂಗಳುಗಟ್ಟಲೆ ಇರುತ್ತಾರೆ. ಶಾಂಬಾಕ್ಕೆ ಹೋಗಿದ್ದಾರೆ ಅನ್ನುತ್ತಾರೆ. ನಮ್ಮಲ್ಲಿ ಕಣದ ಕಾಲದಲ್ಲಿ ಹೊಲದ ಗುಡಿಸಲಲ್ಲಿ ಮಲಗುತ್ತಿದ್ದರಲ್ಲ, ಹಾಗೆ. ಆದರೆ ಅಲ್ಲಿ ಮಕ್ಕಳೂ ಜೊತೆಗೆ. ಸುತ್ತ ನಿಂತ ನೀರು, ಮಳೆಗಾಲ, ಆಸ್ಪತ್ರೆಗೆ ಕೆಸರಿನಲ್ಲಿ ಹಲವು ಮೈಲಿ. ನಿಮ್ಮ ಕಣಿವೆಯಲ್ಲಿ ಈಗ ರೋಗ ಹರಡುವುದರಲ್ಲಿ ಬಹುಪಾಲು ಅನಾಫಿಲಿಸ್ ಫ್ಯುನೆಸ್ಟಸ್ ಎಂಬ ಜಾತಿಯದು; ಅದಕ್ಕೆ ಬೇಕಾದ್ದು ಜೊಂಡು ಬೆಳೆದ, ಒಣಗಿಹೋಗದ ನೀರು. ಆ ಹೆಂಗಸು ಶಾಂಬಾಕ್ಕೆ ಹೋಗುವ ದಿನ ಪರದೆ ಮೂಟೆಯಲ್ಲಿ ಇದೆಯೇ ಎಂದು ಕೇಳಿ. ಅಲ್ಲಿಯ ತಾಯಂದಿರು ಹೆಚ್ಚಾಗಿ ಒಯ್ಯುತ್ತಾರೆ. ಅಲ್ಲಿಂದ ಮಗುವನ್ನು ಆಸ್ಪತ್ರೆಗೆ ತರುವುದೇ ಕಷ್ಟ. ಅದಕ್ಕೆ ಮತ್ತೆ ಬರುತ್ತೇನೆ.

ಲಸಿಕೆ ಕೇಳಿದಿರಿ. ಎರಡು ಇವೆ. ಮೊದಲನೆಯದು ಆರ್‌ಟಿಎಸ್,ಎಸ್; 2019ರಿಂದ ಮಲಾವಿ, ಘಾನಾ, ಕೆನ್ಯಾಗಳಲ್ಲಿ ಕೊಟ್ಟು ನೋಡಿ, 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆ ಮೂರು ದೇಶಗಳಲ್ಲಿ ಲಸಿಕೆಯ ವಯಸ್ಸಿನ ಮಕ್ಕಳ ಒಟ್ಟು ಸಾವು ಶೇಕಡಾ 13ರಷ್ಟು ಇಳಿಯಿತು. ಎರಡನೆಯದು ಆರ್21. ಅದನ್ನು ರೂಪಿಸಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ತಯಾರಿಸುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. 2023ರ ಅಕ್ಟೋಬರಿನಲ್ಲಿ ಶಿಫಾರಸು ಸಿಕ್ಕಿತು. ಅದರ ದೊಡ್ಡ ಪ್ರಯೋಗ ಬುರ್ಕಿನಾ ಫಾಸೊ, ಮಾಲಿ, ಕೆನ್ಯಾಗಳ ಜೊತೆಗೆ ತಾಂಜಾನಿಯಾದ ಬಾಗಮೊಯೊದಲ್ಲೂ ನಡೆಯಿತು. ಮಳೆಗಾಲಕ್ಕೆ ಮುಂಚೆ ಮೂರು ಡೋಸ್ ಮುಗಿಸಿದ ಕಡೆ ಮೊದಲ ವರ್ಷ ನಾಲ್ಕರಲ್ಲಿ ಮೂರು ಪಾಲು ಮಲೇರಿಯಾ ತಪ್ಪಿತು. ಒಟ್ಟು ನಾಲ್ಕು ಡೋಸ್, ಐದಾರು ತಿಂಗಳ ವಯಸ್ಸಿನಿಂದ ಶುರು, ನಾಲ್ಕನೆಯದು ಸುಮಾರು ಒಂದು ವರ್ಷ ಬಿಟ್ಟು. ಎರಡು ವರ್ಷ ದಾಟಿದವರಿಗೆ ಕೊಡುತ್ತಾರೋ ಇಲ್ಲವೋ ಎನ್ನುವುದು ಆಯಾ ದೇಶದ, ಜಿಲ್ಲೆಯ ನಿಯಮ. ನಿಮ್ಮ ಜಹನಾತಿಯಲ್ಲಿ, ಅಂದರೆ ಊರ ಡಿಸ್ಪೆನ್ಸರಿಯಲ್ಲಿ, ಇಬ್ಬರು ಮಕ್ಕಳ ಕಾರ್ಡನ್ನೂ ತೋರಿಸಿ ಕೇಳಿ. ಲಸಿಕೆ ಸಿಕ್ಕಿದರೆ ಹಾಕಿಸಿ, ಆದರೆ ಪರದೆ ಬಿಚ್ಚಿಡಬೇಡಿ. ದಡಾರದ ಚುಚ್ಚುಮದ್ದಿನ ಹಾಗೆ ಹಾಕಿಸಿ ಮರೆಯುವ ಲಸಿಕೆ ಇದಲ್ಲ. ಸೊಳ್ಳೆ ಬಿಟ್ಟ ಪರಾವಲಂಬಿ ರಕ್ತದಿಂದ ಯಕೃತ್ತಿಗೆ ಸೇರುವ ಮುಂಚೆಯೇ ಅದನ್ನು ಹಿಡಿಯುವ ಪ್ರಯತ್ನ ಇದು. ಹಿಡಿಯಲು ಸಿಗುವ ಸಮಯ ಅರ್ಧ ಗಂಟೆ, ಒಂದು ಗಂಟೆ. ಒಂದೆರಡು ತಪ್ಪಿಸಿಕೊಂಡರೂ ಜ್ವರ ಬರುತ್ತದೆ.

ಸಹರಾದ ಕೆಳಗಿನ ಸೀಮೆ, ಬುರ್ಕಿನಾ ಫಾಸೊ, ಮಾಲಿ, ನೈಜರ್, ಚಾಡ್, ಉತ್ತರ ನೈಜೀರಿಯ ಮುಂತಾದ ಕಡೆ ಇನ್ನೊಂದು ಉಪಾಯ ಮಾಡುತ್ತಾರೆ. ಅಲ್ಲಿ ಮಳೆ ಮೂರ್ನಾಲ್ಕು ತಿಂಗಳು, ಮಲೇರಿಯಾವೂ ಆಗಲೇ. ಹಾಗಾಗಿ ಆ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ, ಜ್ವರವಿಲ್ಲದ ಮಕ್ಕಳಿಗೆ ಮೂರು ದಿನದ ಮಾತ್ರೆ ಕೊಡುತ್ತಾರೆ. ಮೊದಲ ದಿನದ್ದನ್ನು ಕಾರ್ಯಕರ್ತೆ ಎದುರಿಗೇ ಕುಡಿಸುತ್ತಾಳೆ, ಮಿಕ್ಕ ಎರಡು ದಿನದ್ದು ತಾಯಿಯ ಕೈಯಲ್ಲಿ. 2012ರಲ್ಲಿ ಶಿಫಾರಸಾದ ಈ ಕ್ರಮ ಈಗ ವರ್ಷಕ್ಕೆ ಐದು ಕೋಟಿಗೂ ಹೆಚ್ಚು ಮಕ್ಕಳನ್ನು ಮುಟ್ಟುತ್ತಿದೆ. ಬುರ್ಕಿನಾ ಫಾಸೊ ಮತ್ತು ಮಾಲಿಯಲ್ಲಿ ಈ ಮಾತ್ರೆಯನ್ನೂ ಲಸಿಕೆಯನ್ನೂ ಜೊತೆಯಾಗಿ ಕೊಟ್ಟು ನೋಡಿದಾಗ, ಬರೀ ಒಂದನ್ನು ಕೊಟ್ಟದ್ದಕ್ಕಿಂತ ತೀವ್ರ ಮಲೇರಿಯಾ ಮತ್ತು ಸಾವು ಸುಮಾರು ಮೂರನೇ ಎರಡರಷ್ಟು ಕಡಿಮೆಯಾಯಿತು. ನನ್ನ ವೃತ್ತಿಜೀವನದಲ್ಲಿ ಓದಿದ ಅತ್ಯಂತ ಸಂತೋಷದ ಸುದ್ದಿಗಳಲ್ಲಿ ಅದೊಂದು. ನಿಮ್ಮ ಕಣಿವೆಯಲ್ಲಿ ಮಲೇರಿಯಾ ವರ್ಷದ ಬಹುಕಾಲ ಇರುವುದರಿಂದ ಈ ಕ್ರಮ ಹಾಗೆಯೇ ಹೊಂದುವುದಿಲ್ಲ.

ನಿಮ್ಮ ಮಗನಿಗೆ ಮಾತ್ರ ಅನ್ವಯಿಸುವ ಮಾತು ಒಂದಿದೆ. ಹೊರಗಿನಿಂದ ಬಂದ ಮಗುವಿಗೆ ತಡೆಮಾತ್ರೆ ಬೇಕು: ದಿನಕ್ಕೊಂದು ಅಟೊವಕ್ವೋನ್-ಪ್ರೊಗ್ವಾನಿಲ್ ಮಕ್ಕಳ ಮಾತ್ರೆ, ಇಲ್ಲವೇ ವಾರಕ್ಕೊಮ್ಮೆ ಮೆಫ್ಲೋಕ್ವಿನ್. ಎರಡೂ ತೂಕದ ಲೆಕ್ಕ. ಫಿಟ್ಸ್ ಬಂದ ಮಗುವಿಗೆ ಮೆಫ್ಲೋಕ್ವಿನ್ ಆಗುವುದಿಲ್ಲ. ವರ್ಷಗಟ್ಟಲೆ ಇರುವವರು ಎಷ್ಟು ಕಾಲ ನುಂಗಿಸಬೇಕು ಎಂಬುದನ್ನು ಮಗುವನ್ನು ನೋಡಿದ ವೈದ್ಯರೇ ಹೇಳಬೇಕು. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆ ಶುರುವಾಗುವ ಮುಂಚೆ ಆ ಮಾತುಕತೆ ಮುಗಿಸಿ. ಊರಿನಿಂದ ಯಾರೋ ಕಳಿಸಿದ ಕ್ಲೋರೋಕ್ವಿನ್ ಇಟ್ಟುಕೊಂಡಿದ್ದರೆ ಬಳಸಬೇಡಿ. ಅಲ್ಲಿಯ ಫಾಲ್ಸಿಪ್ಯಾರಂಗೆ ಅದನ್ನು ನಂಬುವ ಕಾಲ ಎಂದೋ ಮುಗಿದಿದೆ.

ಇಷ್ಟೆಲ್ಲ ಮಾಡಿದರೂ ಜ್ವರ ಬರುತ್ತದೆ. ಪರದೆ ಸೋರುತ್ತದೆ, ಲಸಿಕೆ ಸೋರುತ್ತದೆ, ಮಾತ್ರೆಯೂ ಒಂದು ದಿನ ಮರೆತುಹೋಗುತ್ತದೆ. ಆಗ ಗಡಿಯಾರ ನೋಡಿ. ಮಗುವಿನ ಮೈ ಸುಡುತ್ತಿದೆ ಎಂದು ಗೊತ್ತಾದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಪರೀಕ್ಷೆಯೂ ಆಗಬೇಕು, ಸರಿಯಾದ ಔಷಧಿಯ ಮೊದಲ ಡೋಸೂ ಹೊಟ್ಟೆ ಸೇರಿರಬೇಕು. ನಿಮ್ಮ ಮಗನಿಗೆ ನಾನು ಅಷ್ಟೂ ಸಮಯ ಕೊಡುವುದಿಲ್ಲ. ಅದೇ ದಿನ ಹೋಗಿ.

ಪರೀಕ್ಷೆ ಸುಲಭ. ಜಹನಾತಿಯ ನರ್ಸ್ ಬೆರಳ ತುದಿ ಒರೆಸಿ ಚುಚ್ಚುತ್ತಾಳೆ, ಸಣ್ಣ ಕೊಳವೆಯಲ್ಲಿ ಒಂದು ಹನಿಯನ್ನೂ ಮೀರದ ರಕ್ತ ಎತ್ತಿ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಒಂದು ಕುಳಿಯೊಳಗೆ ಬಿಡುತ್ತಾಳೆ, ಇನ್ನೊಂದಕ್ಕೆ ದ್ರವದ ಹನಿ. ಕೆಂಪು ಬಣ್ಣ ಪಟ್ಟಿಯ ಮೇಲೆ ಮೆಲ್ಲಗೆ ಹರಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಐದೇ ನಿಮಿಷಕ್ಕೆ ನೋಡಿ ‘ಇಲ್ಲ’ ಎಂದು ಹೇಳಿ ಕಳಿಸಿದ ಮಗು ರಾತ್ರಿ ಪ್ರಜ್ಞೆ ತಪ್ಪಿ ಬಂದದ್ದನ್ನು ನಾನು ಕಂಡಿದ್ದೇನೆ. ಒಂದು ಗೆರೆ ಬಂದರೆ ಪರೀಕ್ಷೆ ಸರಿಯಾಗಿ ಆಗಿದೆ ಎಂದರ್ಥ. ಎರಡನೆಯ ಗೆರೆ ಎಷ್ಟೇ ಮಸುಕಾಗಿದ್ದರೂ ಮಲೇರಿಯಾ. ಒಂದು ಎಚ್ಚರಿಕೆ: ರೋಗ ವಾಸಿಯಾದ ಮೇಲೂ ಕೆಲವು ವಾರ ಈ ಪಟ್ಟಿಯಲ್ಲಿ ಗೆರೆ ಬರುತ್ತಿರುತ್ತದೆ. ಹದಿನೈದು ದಿನ ಬಿಟ್ಟು ಮತ್ತೆ ಜ್ವರ ಬಂದರೆ ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿಸಿ.

ಎರಡನೆಯ ಗೆರೆ ಬರದಿದ್ದರೆ ಮಲೇರಿಯಾ ಮಾತ್ರೆ ಬೇಡ, ಆದರೆ ಸುಮ್ಮನೆ ಮನೆಗೂ ಬರಬೇಡಿ. ಮಗುವಿನ ಅಂಗಿ ಎತ್ತಿ, ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ ನಲವತ್ತು, ಎರಡು ತಿಂಗಳು ದಾಟಿದ, ಒಂದು ವರ್ಷದೊಳಗಿನದಕ್ಕೆ ಐವತ್ತು. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕೆಮ್ಮೂ ಇದ್ದರೆ, ಅದು ನ್ಯುಮೋನಿಯಾ ಇರಬಹುದು.

ಔಷಧಿಯ ಹೆಸರು ಆರ್ಟಿಮೆಥರ್-ಲುಮೆಫ್ಯಾಂಟ್ರಿನ್. ಅಲ್ಲಿ ‘ಮ್ಸೆತೊ’ ಎಂದರೆ ಎಲ್ಲರಿಗೂ ಗೊತ್ತು, ಬೆರಕೆ ಔಷಧಿ ಎಂದರ್ಥ. ಐದರಿಂದ ಹದಿನೈದು ಕಿಲೋದೊಳಗಿನ ಮಗುವಿಗೆ ಒಂದು ಸಲಕ್ಕೆ ಒಂದು ಮಾತ್ರೆ, ಒಟ್ಟು ಆರು ಸಲ: ಮೊದಲನೆಯದು ಕೂಡಲೇ, ಎರಡನೆಯದು ಎಂಟು ಗಂಟೆ ಬಿಟ್ಟು, ಆಮೇಲೆ ಎರಡು ದಿನ ಬೆಳಗ್ಗೆ ಸಂಜೆ. ಮಕ್ಕಳಿಗೆಂದೇ ನೀರಿನಲ್ಲಿ ಕರಗುವ ಮಾತ್ರೆ ಬರುತ್ತದೆ. ಚಮಚದಷ್ಟು ನೀರಿನಲ್ಲಿ ಕದಡಿ ಕುಡಿಸಿ, ಲೋಟಕ್ಕೆ ಅಂಟಿದ್ದನ್ನೂ ಇನ್ನೊಂದು ಚೂರು ನೀರು ಹಾಕಿ ತೊಳೆದು ಕುಡಿಸಿ, ತಕ್ಷಣ ಎದೆಹಾಲೋ ಹಾಲು ಹಾಕಿದ ಗಂಜಿಯೋ ಕೊಡಿ. ಜಿಡ್ಡಿನ ಅಂಶ ಇಲ್ಲದಿದ್ದರೆ ಈ ಔಷಧಿ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆಯೊಳಗೆ ವಾಂತಿ ಮಾಡಿಕೊಂಡರೆ ಆ ಡೋಸನ್ನು ಮತ್ತೆ ಕೊಡಬೇಕು. ಎರಡನೇ ದಿನಕ್ಕೆ ಜ್ವರ ಇಳಿದು ಮಗು ಆಡಲು ಶುರುಮಾಡುತ್ತದೆ. ಮಿಕ್ಕ ಎರಡು ಮಾತ್ರೆಯನ್ನು ಮುಂದಿನ ಜ್ವರಕ್ಕೋ ಅಣ್ಣನಿಗೋ ಎತ್ತಿಡುವುದು ಆಗಲೇ. ಬಡತನದಲ್ಲಿ ಅದು ಜಾಣತನದಂತೆಯೇ ಕಾಣುತ್ತದೆ, ಆ ತಾಯಿಯನ್ನು ನಾನು ದೂರಲಾರೆ. ಆದರೆ ಉಳಿದುಕೊಂಡ ಪರಾವಲಂಬಿ ಮತ್ತೆ ಬೆಳೆಯುತ್ತದೆ. ಆರ್ಟಿಮೆಥರ್ ಸೇರಿದ ಔಷಧಿ ವರ್ಗವಾದ ಆರ್ಟಿಮಿಸಿನಿನ್‌ಗೆ ಬೇಗ ಬಗ್ಗದ ತಳಿಗಳು ರುವಾಂಡಾ, ಉಗಾಂಡಾ, ತಾಂಜಾನಿಯಾಗಳಲ್ಲಿ ಈಗಾಗಲೇ ಕಾಣಿಸಿಕೊಂಡಿವೆ. ನಿಮ್ಮ ಮನೆಯಲ್ಲಿ ಆರನೆಯ ಮಾತ್ರೆಯನ್ನು ನೀವೇ ನೆನಪಿಸಿ, ಇಬ್ಬರಿಗೂ. ಜ್ವರಕ್ಕೆ ತೂಕದ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು, ಆಸ್ಪಿರಿನ್ ಕೂಡದು.

ಇನ್ನು ಮುಖ್ಯವಾದದ್ದು. ಈ ಲಕ್ಷಣಗಳಲ್ಲಿ ಒಂದೇ ಒಂದು ಕಂಡರೂ ಅದು ಮಾತ್ರೆಯ ಮಲೇರಿಯಾ ಅಲ್ಲ, ಆಸ್ಪತ್ರೆಯ ಮಲೇರಿಯಾ: ಮಗು ಹಾಲು ಕುಡಿಯುತ್ತಿಲ್ಲ, ಕೊಟ್ಟದ್ದನ್ನೆಲ್ಲ ಕಕ್ಕುತ್ತಿದೆ, ಎಬ್ಬಿಸಿದರೆ ಏಳುತ್ತಿಲ್ಲ, ಕೂರಿಸಿದರೆ ಕೂರಲಾಗುತ್ತಿಲ್ಲ, ಫಿಟ್ಸ್ ಬಂತು, ಉಸಿರು ಆಳವಾಗಿ ಏದುಸಿರಿನಂತೆ ಎಳೆಯುತ್ತಿದೆ, ಅಂಗೈ ಬಿಳಿಚಿದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಅಂಗೈ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮಗುವಿನ ಅಂಗೈಯನ್ನು ತಾಯಿಯ ಅಂಗೈ ಪಕ್ಕ ಇಟ್ಟು ನೋಡುವುದು ನನಗೆ ಅಲ್ಲಿಯ ಒಬ್ಬ ಹಿರಿಯ ನರ್ಸ್ ಕಲಿಸಿದ್ದು. ಲ್ಯಾಬಿನ ಫಲಿತಾಂಶ ಬರುವ ಮುಂಚೆಯೇ ಆಕೆ ರಕ್ತಕ್ಕೆ ಹೇಳಿ ಕಳಿಸುತ್ತಿದ್ದಳು.

ಫಿಟ್ಸ್ ಎಂದಾಗ ಒಂದು ಮಾತು ಹೇಳಬೇಕು. ಸ್ವಾಹಿಲಿಯಲ್ಲಿ ಮಕ್ಕಳ ಸೆಳೆತಕ್ಕೆ ‘ದೆಗೆದೆಗೆ’ ಎನ್ನುತ್ತಾರೆ. ಹಕ್ಕಿಯ ರೂಪದ ಒಂದು ಶಕ್ತಿ ಮಗುವಿನ ಮೇಲೆ ಹಾದುಹೋದರೆ ಹಾಗಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರುಬಿಟ್ಟಿದೆ. ಸಾಮಾನ್ಯ ಜ್ವರಕ್ಕೆ ಆಸ್ಪತ್ರೆ, ದೆಗೆದೆಗೆಗೆ ಮ್ಗಂಗಾ, ಅಂದರೆ ನಾಟಿ ವೈದ್ಯ, ಎಂದು ಎರಡಾಗಿ ನೋಡುತ್ತಿದ್ದರು. ಸೆಳೆತ ಬಂದ ಮಗುವಿಗೆ ಸೂಜಿ ಚುಚ್ಚಿದರೆ ಸಾಯುತ್ತದೆ ಎಂದೂ ಹೆದರುತ್ತಿದ್ದರು. ಹಾಗೆ ಕಳೆದ ಗಂಟೆಗಳು ಲೆಕ್ಕವಿಲ್ಲ. ಇದನ್ನು ಓದಿ ನಮ್ಮವರು ಯಾರೂ ಮುಖ ಸಿಂಡರಿಸಬಾರದು. ನಮ್ಮ ಅಜ್ಜಿಯರು ಇದನ್ನೇ ‘ಬಾಲಗ್ರಹ’ ಎಂದು ಕರೆದು, ಮಂತ್ರ ಹಾಕಿಸಿ, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟವರು, ಈಗಲೂ ಕೊಡುತ್ತಾರೆ. ನಿಮ್ಮ ಕೆಲಸದಾಕೆಗೆ ‘ಅದು ಮೂಢನಂಬಿಕೆ’ ಎಂದು ಹೇಳಬೇಡಿ. ‘ನಮ್ಮೂರಲ್ಲೂ ಹಾಗೇ ಅನ್ನುತ್ತಿದ್ದರು, ಆದರೆ ಇದು ಸೊಳ್ಳೆಯ ಜ್ವರ ಮೆದುಳಿಗೆ ಏರಿದ್ದು, ಮೊದಲು ಆಸ್ಪತ್ರೆಗೆ ಹೋಗೋಣ’ ಎನ್ನಿ. ಸೆಳೆತದ ಹೊತ್ತಿನಲ್ಲಿ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಾಡಿ ಹೊರಡಿಸಿ.

ಅಲ್ಲಿ ಆಸ್ಪತ್ರೆ ದೂರವಾದರೆ ಮಧ್ಯದ ಜಹನಾತಿಯಲ್ಲಿ ಆರ್ಟಿಸುನೇಟ್ ಗುಳಿಗೆ ಇದೆಯೇ ಕೇಳಿ. ಬಾಯಿಂದ ನುಂಗಲಾಗದ, ಆರು ವರ್ಷದೊಳಗಿನ ಮಗುವಿಗೆ ಗುದದ್ವಾರದಲ್ಲಿ ಇಡುವ ನೂರು ಮಿಲಿಗ್ರಾಂ ಗುಳಿಗೆ ಅದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗುಣಮಟ್ಟದ ಮುದ್ರೆ ಪಡೆದ ಎರಡು ಕಂಪನಿಗಳೂ ನಮ್ಮ ದೇಶದವು. ಸಿಪ್ಲಾ ಒಂದು, ಬೆಂಗಳೂರಿನ ಸ್ಟ್ರೈಡ್ಸ್ ಇನ್ನೊಂದು. ಆದರೆ ಆ ಗುಳಿಗೆ ಕೆಲವು ಗಂಟೆ ಕೊಳ್ಳುತ್ತದೆ, ಅಷ್ಟೇ. ಕಾಂಗೊ, ನೈಜೀರಿಯ, ಉಗಾಂಡಾಗಳಲ್ಲಿ ಅದನ್ನು ದೊಡ್ಡದಾಗಿ ಹಂಚಿ ನೋಡಿದಾಗ ನಿರೀಕ್ಷಿಸಿದ ಲಾಭ ಸಿಗಲಿಲ್ಲ. ಗುಳಿಗೆ ಸಿಕ್ಕ ಮಕ್ಕಳಲ್ಲಿ ಬಹಳ ಮಂದಿ ಆಸ್ಪತ್ರೆ ತಲುಪಲಿಲ್ಲ, ತಲುಪಿದವರಿಗೂ ಪೂರ್ತಿ ಚಿಕಿತ್ಸೆ ಸಿಗಲಿಲ್ಲ. ಜಾಂಬಿಯಾದ ಸೆರೆಂಜೆ ಜಿಲ್ಲೆಯಲ್ಲಿ ಅದೇ ಗುಳಿಗೆಯ ಜೊತೆಗೆ ಊರೂರಿಗೆ ಸೈಕಲ್ ಆಂಬುಲೆನ್ಸ್ ಕೊಟ್ಟು, ಸ್ವಯಂಸೇವಕರನ್ನು ತಯಾರು ಮಾಡಿದಾಗ, ತೀವ್ರ ಮಲೇರಿಯಾದಲ್ಲಿ ನೂರಕ್ಕೆ ಎಂಟರಷ್ಟಿದ್ದ ಸಾವು ಒಂದಕ್ಕಿಂತ ಕೆಳಗೆ ಇಳಿಯಿತು. ಔಷಧಿ ಅದೇ, ಸೈಕಲ್ ಹೆಚ್ಚುವರಿ.

ಆಸ್ಪತ್ರೆಯಲ್ಲಿ ಕೊಡುವುದು ಆರ್ಟಿಸುನೇಟ್ ಇಂಜೆಕ್ಷನ್: ಬಂದ ಕೂಡಲೇ ಒಂದು, ಹನ್ನೆರಡು ಗಂಟೆಗೆ, ಇಪ್ಪತ್ತನಾಲ್ಕು ಗಂಟೆಗೆ, ಆಮೇಲೆ ಬಾಯಿಂದ ತೆಗೆದುಕೊಳ್ಳುವಂತಾದ ಮೇಲೆ ಮೂರು ದಿನದ ಮ್ಸೆತೊ. ಹಳೆಯ ಕ್ವಿನೈನ್‌ಗೆ ಹೋಲಿಸಿ ಒಂಬತ್ತು ಆಫ್ರಿಕನ್ ದೇಶಗಳ 5,425 ಮಕ್ಕಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಕ್ವಿನೈನ್ ಪಡೆದವರಲ್ಲಿ ಶೇಕಡಾ 10.9, ಆರ್ಟಿಸುನೇಟ್ ಪಡೆದವರಲ್ಲಿ ಶೇಕಡಾ 8.5 ಸಾವು. ಅಂದರೆ ಒಳ್ಳೆಯ ಔಷಧಿ ಕೊಟ್ಟರೂ, ತಡವಾಗಿ ಬಂದ ಹನ್ನೆರಡು ಮಕ್ಕಳಲ್ಲಿ ಒಂದು ಉಳಿಯಲಿಲ್ಲ. ಪ್ರಜ್ಞೆ ತಪ್ಪಿದ ಮಗುವಿನ ರಕ್ತದ ಸಕ್ಕರೆ ಪರೀಕ್ಷಿಸಿದರೇ ಎಂದು ಕೇಳಿ. ಮಲೇರಿಯಾದಲ್ಲಿ ಅದು ಪಾತಾಳಕ್ಕೆ ಇಳಿಯುತ್ತದೆ, ಗ್ಲೂಕೋಸ್ ಕೊಟ್ಟರೆ ಕಣ್ಣೆದುರೇ ಮಗು ಕಣ್ಣು ಬಿಡುವುದುಂಟು. ಅಂಗೈ ಬಿಳಿಚಿದ್ದರೆ ರಕ್ತ ಕೊಡಬೇಕಾಗಬಹುದು. ನಿಮ್ಮ, ನಿಮ್ಮ ಯಜಮಾನರ ರಕ್ತದ ಗುಂಪು ಬರೆದಿಟ್ಟುಕೊಳ್ಳಿ. ಮನೆಗೆ ಬಂದ ಮೇಲೂ ಕೆಲವು ವಾರ ಬಿಟ್ಟು ಹಿಮೋಗ್ಲೋಬಿನ್ ನೋಡಿಸಿ.

ಆ ಹುಡುಗಿಗೆ ಏನು ಮಾಡಬಹುದು ಎಂದು ಕೇಳಿದಿರಿ. ಪರದೆ, ಸೂರಿನ ಜಾಲರಿ ಆಯಿತು. ಇನ್ನೊಂದು, ನನ್ನ ಮಟ್ಟಿಗೆ ಅದೇ ದೊಡ್ಡದು: ಬಾಡಿಗೆ ಬೈಕಿನವನ ನಂಬರು. ಸರ್ಕಾರಿ ಆಸ್ಪತ್ರೆಯಲ್ಲಿ ಐದು ವರ್ಷದೊಳಗಿನವರಿಗೆ ಹಣ ಕೇಳಬಾರದು ಎಂಬುದು ನಿಯಮ. ಆದರೆ ರಾತ್ರಿ ಹನ್ನೊಂದಕ್ಕೆ ಶಾಂಬಾದಿಂದ ಜಹನಾತಿಗೆ ಬೈಕಿನವನು ಪುಕ್ಕಟೆ ಬರುವುದಿಲ್ಲ. ಗಂಡ ಬರಲಿ, ಬೆಳಗಾಗಲಿ, ಯಾರಾದರೂ ಸಾಲ ಕೊಡಲಿ ಎಂದು ಕಾದದ್ದೇ ಮಂಗಳವಾರವನ್ನು ಗುರುವಾರ ಮಾಡುತ್ತದೆ. ಊರಿನ ಒಬ್ಬ ನಂಬಿಕಸ್ಥ ಬೈಕಿನವನ ಹತ್ತಿರ ಈಗಲೇ ಮಾತಾಡಿ. ಯಾವ ಹೊತ್ತಿನಲ್ಲಿ ಅವಳು ಕರೆದರೂ ಬರಬೇಕು, ದುಡ್ಡು ನಮ್ಮ ಮನೆಯಿಂದ, ಎಂದು ಅವಳ ಎದುರಿಗೇ ಹೇಳಿ. ಅವಳ ಫೋನಿನಲ್ಲಿ ಕರೆನ್ಸಿ ಇದೆಯೇ ನೋಡಿ. ಮಗಳಿಗೆ ಜ್ವರ ಬಂದ ದಿನ ಕೆಲಸಕ್ಕೆ ಬರದಿದ್ದರೆ ಸಂಬಳ ಹಿಡಿಯುವುದಿಲ್ಲ ಎಂದೂ ಬಾಯಿಬಿಟ್ಟು ಹೇಳಿ. ನೀವು ಹಿಡಿಯುವವರಲ್ಲ ಎಂದು ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ, ಆದರೆ ಅವಳಿಗೆ ಅದು ಗೊತ್ತಿರಬೇಕಲ್ಲ.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ರಜೆಗೆ ಊರಿಗೆ ಬರುತ್ತೀರಿ. ಬಂದ ಎರಡನೇ ವಾರವೋ, ಎರಡು ತಿಂಗಳ ಮೇಲೋ ಮಗನಿಗೆ ಜ್ವರ ಬಂದರೆ, ಮದ್ದೂರಿನಲ್ಲೂ ಮಂಡ್ಯದಲ್ಲೂ ಡೆಂಗಿ, ವೈರಲ್ ಎಂದು ಶುರುಮಾಡಿ ಎರಡು ದಿನ ಕಳೆಯುವುದು ಸಹಜ. ಒಳಗೆ ಹೋದ ಕೂಡಲೇ, ಮಗುವಿಗೆ ಜ್ವರ ಎಂದು ಹೇಳುವ ಮುಂಚೆಯೇ, ‘ನಾವು ತಾಂಜಾನಿಯಾದಿಂದ ಬಂದಿದ್ದೇವೆ, ಇವತ್ತೇ ಫಾಲ್ಸಿಪ್ಯಾರಂಗೆ ರಕ್ತ ನೋಡಿ’ ಎಂದು ಹೇಳಿ. ತಡೆಮಾತ್ರೆಯನ್ನು ವಿಮಾನ ಹತ್ತಿದ ದಿನ ನಿಲ್ಲಿಸಬೇಡಿ. ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ಊರಿಗೆ ಬಂದ ಮೇಲೂ ಏಳು ದಿನ, ಮೆಫ್ಲೋಕ್ವಿನ್ ಆದರೆ ನಾಲ್ಕು ವಾರ. ನೀವು ಇಲ್ಲಿರುವಷ್ಟು ದಿನವೂ ಬೈಕಿನವನ ದುಡ್ಡಿನ ವ್ಯವಸ್ಥೆ ಅಲ್ಲಿ ನಡೆಯುವ ಹಾಗೆ ಯಾರಿಗಾದರೂ ವಹಿಸಿ ಬನ್ನಿ.